ಸ್ಟೆನ್ಸಿಲ್ ಅಂಚಿನಲ್ಲಿ ಬಣ್ಣ ಹರಡದಂತೆ ಮಾಡಲು

ಸ್ಟೆನ್ಸಿಲ್ (ಅಕ್ಷರದ ಆಕಾರಕ್ಕೆ ಕಿಂಡಿ ಕತ್ತರಿಸಿದ ಹಾಳೆ) ಅಂಟಿಸಿದ ಮೇಲೆ ನೇರವಾಗಿ ಅಕ್ಷರದ ಬಣ್ಣಕ್ಕೆ ಹೋಗಬೇಡಿ. ಹಿನ್ನೆಲೆಯಲ್ಲಿ ಯಾವ ಬಣ್ಣವಿದೆಯೋ ಅದನ್ನೇ ಮೊದಲು ಕಿಂಡಿಗಳ ಅಂಚಿಗೆಲ್ಲ ತೆಳುವಾಗಿ ಹಚ್ಚಿ ಒಣಗಲು ಬಿಡಿ. ಹಾಳೆಯಡಿ ನುಸುಳಿದ್ದು ಹಿನ್ನೆಲೆಯದ್ದೇ ಬಣ್ಣ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಸಂದೂ ಮುಚ್ಚಿಹೋಗುವುದರಿಂದ ಅಕ್ಷರದ ಬಣ್ಣಕ್ಕೆ ಒಳಗೆ ದಾರಿ ಇರುವುದಿಲ್ಲ. ಅಕ್ರಿಲಿಕ್ ಬಣ್ಣವಾದರೆ ಒಣಗಲು 15-20 ನಿಮಿಷ ಸಾಕು. ಹಾಗಂತ ಬ್ರಷ್ ತೊಯ್ಯಿಸಿಕೊಂಡು ಹಚ್ಚುವ ಹಾಗಿಲ್ಲ. ತುದಿಯನ್ನಷ್ಟೇ ಅದ್ದಿ, ಹಳೆ ಬಟ್ಟೆಯ ಮೇಲೆ ಗುರುತು ಮಸುಕಾಗುವವರೆಗೆ ಒರೆಸಿ, ಬ್ರಷ್ ನೆಟ್ಟಗೆ ಹಿಡಿದು ಕುಕ್ಕುತ್ತಾ ಹೋಗಿ. ಅಡ್ಡ ಎಳೆದರೆ ‘ರ’, ‘ಠ’ದಂಥ ಅಕ್ಷರಗಳ ಒಳಭಾಗವನ್ನು ಹಿಡಿದಿರುವ ಸಣ್ಣ ಪಟ್ಟಿಗಳು ಏಳುತ್ತವೆ, ಕೆಡುವುದೂ ಅಲ್ಲೇ. ದಪ್ಪನೆಯ ಒಂದು ಕೋಟ್‌ಗಿಂತ ತೆಳುವಾದ ಎರಡು ಮೇಲು. ಕೊನೆಯ ಕೋಟ್ ಪೂರ್ತಿ ಗಟ್ಟಿಯಾಗುವ ಮೊದಲೇ ಹಾಳೆಯನ್ನು ಹಿಂದಕ್ಕೆ ಮಡಚಿದಂತೆ ನಿಧಾನವಾಗಿ ಬಿಡಿಸಿ, ಇಲ್ಲದಿದ್ದರೆ ಬಣ್ಣದ ಪದರವೂ ಜೊತೆಗೇ ಕಿತ್ತುಬರುತ್ತದೆ. ಬಣ್ಣ ಹಚ್ಚದ ಮರಕ್ಕೆ ಹಿನ್ನೆಲೆ ಬಣ್ಣದ ಬದಲು ಹೊಳಪಿಲ್ಲದ ಪಾರದರ್ಶಕ ವಾರ್ನಿಷ್ ಆಗುತ್ತದೆ. ಬಟ್ಟೆಯ ಮೇಲೆ ಈ ಉಪಾಯ ನಡೆಯುವುದಿಲ್ಲ, ಬಣ್ಣ ನೂಲಿನೊಳಗಿಂದಲೇ ಹಬ್ಬುತ್ತದೆ. ತರಿತರಿ ಗಾರೆಯ ಗೋಡೆಯಲ್ಲೂ ಅಷ್ಟೇ, ಅಲ್ಲಿನ ಸಂದು ಒಂದು ತೆಳು ಕೋಟ್‌ಗೆ ಮುಚ್ಚುವಂಥದ್ದಲ್ಲ.