ಎರಡನೆಯ ಕರೆ: ಸಿಂಫನಿ ಆರ್ಕೆಸ್ಟ್ರಾ ಎದುರು ಸೋಲೋ ನುಡಿಸಲು ಹೊರಟವರಿಗೆ

ನಮ್ಮಲ್ಲಿ ಆರ್ಕೆಸ್ಟ್ರಾ ಎಂದೊಡನೆ ನೆನಪಿಗೆ ಬರುವುದು ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ತಂಡ. ಈ ಬರಹದಲ್ಲಿ ಹೇಳಹೊರಟಿರುವುದು ಅದರ ಬಗ್ಗೆ ಅಲ್ಲ. ಅರವತ್ತರಿಂದ ನೂರು ಜನ ವಾದಕರು ಒಬ್ಬ ಕಂಡಕ್ಟರರ ಕೈಸನ್ನೆಗೆ ನುಡಿಸುವ ಪಾಶ್ಚಾತ್ಯ ಶಾಸ್ತ್ರೀಯ ಸಿಂಫನಿ ಆರ್ಕೆಸ್ಟ್ರಾ ಮತ್ತು ಅದರ ಮುಂದೆ ಪಿಟೀಲು ಹಿಡಿದು ನಿಲ್ಲುವ, ಇಲ್ಲವೇ ಪಿಟೀಲಿನ ಜಾತಿಯ ದೊಡ್ಡ ವಾದ್ಯವಾದ ಸೆಲ್ಲೋ ಹಿಡಿದು ಕೂರುವ ಸೋಲೋ ವಾದಕರ ವೃತ್ತಿಯ ಬಗ್ಗೆ. ಬೆಂಗಳೂರಿನಲ್ಲಿ ಇಂದು ಲಂಡನ್ನಿನ ಸಂಗೀತ ಪರೀಕ್ಷಾ ಸಂಸ್ಥೆಗಳಾದ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಪರೀಕ್ಷೆಗಳನ್ನು ಒಂದೊಂದಾಗಿ ದಾಟುತ್ತಿರುವ ಮಕ್ಕಳು ಸಾಕಷ್ಟಿದ್ದಾರೆ. ಗ್ರೇಡುಗಳಲ್ಲಿ ಕೊನೆಯದಾದ ಎಂಟನೆಯ ಗ್ರೇಡ್ ಮುಗಿದ ಮೇಲೆ ಮುಂದೇನು ಎಂದು ತಂದೆತಾಯಂದಿರು ನನ್ನಂತಹ ಶಿಕ್ಷಕರನ್ನು ಕೇಳುತ್ತಾರೆ. ಎಂಟನೆಯ ಗ್ರೇಡ್ ಊರ ಬಾಗಿಲೇ ಹೊರತು ಊರಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಮೊದಲ ಸಂಗೀತ ಕಚೇರಿ ಸಿಗುವುದಕ್ಕೆ ಒಂದು ಬಹುಮಾನ, ಗುರುಗಳ ಒಂದು ಶಿಫಾರಸು ಅಥವಾ ಬರೀ ಅದೃಷ್ಟವೂ ಸಾಕಾಗಬಹುದು. ಆದರೆ ಅದೇ ಆರ್ಕೆಸ್ಟ್ರಾ ಎರಡು ಮೂರು ವರ್ಷಗಳ ನಂತರ ಮತ್ತೆ ಕರೆಯುತ್ತದೆಯೇ ಎಂಬುದರ ಮೇಲೆ ವೃತ್ತಿ ನಿಂತಿದೆ. ಆದ್ದರಿಂದ ಈ ದಾರಿಯ ಪ್ರತಿಯೊಂದು ತಯಾರಿಯನ್ನೂ ಎರಡನೆಯ ಕರೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಬೇಕು.

ಕೈಯಲ್ಲಿರಬೇಕಾದ ಕೃತಿಗಳು

ಸೋಲೋ ವಾದಕರ ಬಂಡವಾಳವೆಂದರೆ ಕಾನ್ಚೆರ್ಟೊಗಳು, ಅಂದರೆ ಒಂದು ಸೋಲೋ ವಾದ್ಯ ಮತ್ತು ಆರ್ಕೆಸ್ಟ್ರಾಗಾಗಿ ಬರೆದ ಕೃತಿಗಳು. ಪಿಟೀಲಿಗೆ ಮೊಟ್ಸಾರ್ಟ್‌ನ ಕೊನೆಯ ಮೂರು, ಮೆಂಡೆಲ್ಸನ್‌ನ ಇ ಮೈನರ್ (ಇದು ಕೃತಿಯ ಸ್ವರಶ್ರೇಣಿಯ ಹೆಸರು), ಬ್ರುಖ್‌ನ ಜಿ ಮೈನರ್, ಬೀಥೋವನ್, ಬ್ರಾಮ್ಸ್, ಚೈಕೋವ್‌ಸ್ಕಿ, ಸಿಬೆಲಿಯಸ್ ಇಷ್ಟಿಲ್ಲದೆ ಯಾರೂ ನಿಮ್ಮತ್ತ ನೋಡುವುದಿಲ್ಲ. ಸೆಲ್ಲೋ ವಾದಕರ ಪಟ್ಟಿ ಇದಕ್ಕಿಂತ ಚಿಕ್ಕದು: ಹೈಡನ್‌ನ ಎರಡು, ಶೂಮನ್, ಸ್ಯಾಂ-ಸಾನ್ಸ್, ದ್ವೋರ್ಜಾಕ್, ಎಲ್ಗರ್, ಶೊಸ್ತಕೋವಿಚ್. ಹೈಡನ್‌ನ ಸಿ ಮೇಜರ್ ಕಾನ್ಚೆರ್ಟೊದ ಪ್ರತಿ ಪ್ರಾಗ್‌ನಲ್ಲಿ ಸಿಕ್ಕಿದ್ದೇ 1961ರಲ್ಲಿ; ಅದಕ್ಕೂ ಹಿಂದಿನ ತಲೆಮಾರಿನವರ ಪಟ್ಟಿ ಇನ್ನೂ ಬಡವಾಗಿತ್ತು. ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ ನುಡಿಸುವವರು ವಾಲ್ಟನ್, ಬಾರ್ಟೋಕ್, ಹಿಂಡೆಮಿತ್ ಕೃತಿಗಳನ್ನು ನಂಬಿಕೊಳ್ಳಬೇಕು. ಅವರಿಗೆ ಸಿಗುವ ಆಹ್ವಾನಗಳೂ ಅಷ್ಟೇ ವಿರಳ ಎಂಬುದು ಕಹಿಯಾದರೂ ನಿಜ.

ಪಟ್ಟಿಯನ್ನು ಕಲಿತದ್ದು, ಕಲಿಯದ್ದು ಎಂದು ವಿಂಗಡಿಸಬೇಡಿ. ನಾಳೆ ಸಂಜೆ ನುಡಿಸಬಲ್ಲವು, ಹತ್ತು ದಿನ ಕೊಟ್ಟರೆ ನುಡಿಸಬಲ್ಲವು, ಮೂರು ತಿಂಗಳು ಬೇಕಾದವು ಎಂದು ಮೂರು ಪಾಲು ಮಾಡಿ, ಮೊದಲ ಪಾಲಿನಲ್ಲಿ ಸದಾ ಮೂರು ನಾಲ್ಕು ಕೃತಿಗಳು ಇರುವಂತೆ ನೋಡಿಕೊಳ್ಳಿ. ದೊಡ್ಡ ಆರ್ಕೆಸ್ಟ್ರಾಗಳು ತಮ್ಮ ಋತುವಿನ ಕಾರ್ಯಕ್ರಮಗಳನ್ನು ಎರಡು ವರ್ಷ ಮೊದಲೇ ನಿಗದಿ ಮಾಡುತ್ತವೆ. ಆದರೆ ಹೊಸಬರಿಗೆ ಬಾಗಿಲು ತೆರೆಯುವುದು ಅನೇಕ ವೇಳೆ ಹೆಸರಾಂತ ವಾದಕರೊಬ್ಬರು ಜ್ವರ ಬಂದು ಮಲಗಿದಾಗ. ಆಗ ಬರುವ ದೂರವಾಣಿ ಕರೆಗೆ ಮೊದಲ ಪಾಲಿನಲ್ಲಿರುವ ಕೃತಿಗಳು ಮಾತ್ರ ಉತ್ತರ ಕೊಡಬಲ್ಲವು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇಲ್ಲೊಂದು ಹೆಚ್ಚಿನ ತೊಡಕು: ಬೆರಳುಗಳು ಸಿದ್ಧವಿದ್ದರೂ ವೀಸಾ ಇಲ್ಲದಿದ್ದರೆ ಕರೆ ಇನ್ನೊಬ್ಬರ ಪಾಲಾಗುತ್ತದೆ. ವಿದೇಶದಲ್ಲಿ ಓದುವಾಗಲೇ, ಹಲವು ಬಾರಿ ಪ್ರವೇಶಿಸಲು ಮತ್ತು ಸಂಭಾವನೆ ಪಡೆದು ನುಡಿಸಲು ಅವಕಾಶ ಕೊಡುವ ವೀಸಾದ ವಿಚಾರವನ್ನು ವಿದ್ಯಾಲಯದ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳುವುದು, ದಿನಕ್ಕೆ ಇನ್ನೊಂದು ಗಂಟೆ ಸ್ವರಸಾಧನೆ ಮಾಡುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ವಿದೇಶ ಏಕೆ ಎಂದರೆ, ನುಡಿಸಿ ಕಲಿಯಲು ಬೇಕಾದಷ್ಟು ಆರ್ಕೆಸ್ಟ್ರಾಗಳು ನಮ್ಮಲ್ಲಿಲ್ಲ. 2006ರಲ್ಲಿ ಮುಂಬಯಿಯ ಪ್ರದರ್ಶನ ಕಲೆಗಳ ಕೇಂದ್ರವಾದ ಎನ್‌ಸಿಪಿಎ ಆಶ್ರಯದಲ್ಲಿ ಹುಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಬೆಂಗಳೂರು, ಚೆನ್ನೈ, ಕೋಲ್ಕತ್ತಗಳಲ್ಲಿ ಶಾಲೆಗಳೂ ಚಿಕ್ಕ ತಂಡಗಳೂ ಇವೆ. ಇವು ಮೊದಲ ಮೆಟ್ಟಿಲಿಗೆ ಸಾಕು. ಅಲ್ಲಿಂದ ಮುಂದೆ ಯೂರೋಪಿನ ಅಥವಾ ಅಮೆರಿಕದ ಕನ್ಸರ್ವೇಟರಿಗಳಲ್ಲಿ, ಅಂದರೆ ಸಂಗೀತ ವಿದ್ಯಾಲಯಗಳಲ್ಲಿ, ವಿದ್ಯಾರ್ಥಿಗಳಿಗಾಗಿ ನಡೆಯುವ ಕಾನ್ಚೆರ್ಟೊ ಸ್ಪರ್ಧೆಯನ್ನು ಗೆದ್ದು ಕಾಲೇಜಿನ ಆರ್ಕೆಸ್ಟ್ರಾ ಜೊತೆ ನುಡಿಸುವುದು ವಾಡಿಕೆಯ ದಾರಿ. ತಾವೇ ರಚಿಸಿದ ಕೃತಿಗಳನ್ನು ಹೊತ್ತು ಆರ್ಕೆಸ್ಟ್ರಾ ಮುಂದೆ ನಿಂತವರೂ ಉಂಟು. ಪಿಟೀಲು ವಾದಕ ಎಲ್. ಸುಬ್ರಮಣ್ಯಂ 1985ರಲ್ಲಿ ಜುಬಿನ್ ಮೆಹ್ತಾ ನೇತೃತ್ವದ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಜೊತೆ ಹಾಗೆ ನುಡಿಸಿದರು. ಆದರೆ ಅದು ಕರ್ನಾಟಕ ಸಂಗೀತದಲ್ಲಿ ಆಳವಾಗಿ ಬೇರೂರಿದವರ ದಾರಿ. ಆ ಬೇರಿಲ್ಲದೆ ಅನುಕರಿಸುವಂಥದ್ದಲ್ಲ.

ಪಿಯಾನೋ ಜೊತೆಗಿನ ಅಭ್ಯಾಸ ಸಾಲದು

ಮನೆಯಲ್ಲಿ ಎಲ್ಲರೂ ಕಾನ್ಚೆರ್ಟೊ ಕಲಿಯುವುದು ಪಿಯಾನೋ ಪಕ್ಕವಾದ್ಯದೊಂದಿಗೆ. ಪಿಯಾನೋ ವಾದಕರು ನಿಮ್ಮ ಉಸಿರನ್ನು ನೋಡಿಕೊಂಡು ಹಿಂದೆಯೇ ಬರುತ್ತಾರೆ. ಎಂಬತ್ತು ಜನ ಹಾಗೆ ಬರಲಾರರು. ಈ ವ್ಯತ್ಯಾಸ ಎಲ್ಲಿ ಕಾಲಿಗೆ ತೊಡರುತ್ತದೆ ಎಂಬುದಕ್ಕೆ ಮೆಂಡೆಲ್ಸನ್‌ನ ಕಾನ್ಚೆರ್ಟೊಗಿಂತ ಒಳ್ಳೆಯ ಉದಾಹರಣೆ ಇಲ್ಲ. 1845ರಲ್ಲಿ ಲೈಪ್‌ಜಿಗ್‌ನಲ್ಲಿ ಫರ್ಡಿನಾಂಡ್ ಡೇವಿಡ್ ಮೊದಲ ಬಾರಿಗೆ ನುಡಿಸಿದ ಕೃತಿ ಇದು. ಸೋಲೋ ವಾದಕರು ಒಬ್ಬರೇ ನುಡಿಸುವ ಕೆಡೆನ್ಸಾ ಭಾಗವನ್ನು, ಅಂದರೆ ನಮ್ಮ ತನಿ ಆವರ್ತನದಂತೆ ಉಳಿದವರೆಲ್ಲ ಕೈಕಟ್ಟಿ ಕೂರುವ ಜಾಗವನ್ನು, ಮೆಂಡೆಲ್ಸನ್ ಮೊದಲ ಭಾಗದ ಕೊನೆಯಲ್ಲಿಡದೆ ನಡುವಿಗೆ ತಂದಿದ್ದಾನೆ. ಅದರ ಕಡೆಯಲ್ಲಿ ಕಮಾನು ನಾಲ್ಕೂ ತಂತಿಗಳ ಮೇಲೆ ಪುಟಿಯುತ್ತ ಹೋಗುತ್ತಿರುವಾಗಲೇ ಆರ್ಕೆಸ್ಟ್ರಾ ಮೆಲ್ಲನೆ ಮುಖ್ಯ ರಾಗವನ್ನು ಎತ್ತಿಕೊಳ್ಳುತ್ತದೆ. ಆ ಕ್ಷಣದಲ್ಲಿ ಸೋಲೋ ವಾದಕರು ಪಕ್ಕವಾದ್ಯದವರಾಗುತ್ತಾರೆ, ಆರ್ಕೆಸ್ಟ್ರಾ ಹಾಡುಗಾರನಾಗುತ್ತದೆ.

ಹೊಸಬರು ತಪ್ಪುವುದು ಇಲ್ಲಿಯೇ. ಕೆಡೆನ್ಸಾ ಮುಗಿಯಿತೆಂಬ ಬಿಗುಮಾನದಲ್ಲಿ ಕೊನೆಯ ಒಂದೆರಡು ಬಾರ್‌ಗಳನ್ನು (ತಾಳದ ಸುತ್ತುಗಳನ್ನು) ಎಳೆಯುತ್ತಾರೆ, ಇಲ್ಲವೇ ಕಮಾನು ಪುಟಿಯುವ ಹುರುಪಿನಲ್ಲಿ ಓಡುತ್ತಾರೆ. ಕಂಡಕ್ಟರ್ ಕೈ ಎತ್ತಬೇಕಾದ ಜಾಗವನ್ನು ನಿಮ್ಮ ಕಮಾನಿನಿಂದಲೇ ಎಣಿಸಿಕೊಳ್ಳುತ್ತಿರುತ್ತಾರೆ. ಎಣಿಕೆ ತಪ್ಪಿದರೆ ಕೊಳಲು ಮತ್ತು ಓಬೋ ಎಂಬ ಊದುವ ವಾದ್ಯದ ವಾದಕರು ಉಸಿರು ತೆಗೆದುಕೊಂಡು ಕಾಯುತ್ತ ಕೂರಬೇಕಾಗುತ್ತದೆ. ಆದ್ದರಿಂದ ಈ ಭಾಗವನ್ನು ಲಯ ತೋರಿಸುವ ಮೆಟ್ರೊನೋಮ್ ಇಟ್ಟುಕೊಂಡು ಅಭ್ಯಾಸ ಮಾಡಿ, ಪ್ರತಿ ಬಾರ್‌ನ ಮೊದಲ ಸ್ವರಕ್ಕೆ ಕೇಳಿಯೂ ಕೇಳಿಸದಷ್ಟು ಒತ್ತು ಕೊಡಿ, ಆರ್ಕೆಸ್ಟ್ರಾ ಬಂದ ಮೇಲೆ ನಿಮ್ಮ ಧ್ವನಿಯನ್ನು ಅದರ ಕೆಳಕ್ಕೆ ಇಳಿಸಿ. ಉಳಿದ ಕೃತಿಗಳಲ್ಲೂ ಇಂತಹ ಸಂಧಿಗಳನ್ನು ಎಲ್ಲ ವಾದ್ಯಗಳ ಸ್ವರಸಾಲುಗಳೂ ಇರುವ ಪೂರ್ಣ ಸ್ಕೋರ್ ಮುಂದಿಟ್ಟುಕೊಂಡು ಗುರುತು ಹಾಕಿಕೊಳ್ಳಬೇಕು. ಬೀಥೋವನ್‌ನ ಕಾನ್ಚೆರ್ಟೊದಲ್ಲಿ ಸೋಲೋ ಪಿಟೀಲು ಬಾಯಿ ತೆರೆಯುವುದು 89ನೆಯ ಬಾರ್‌ನಲ್ಲಿ. ಅಲ್ಲಿಯವರೆಗೆ ಸುಮಾರು ಮೂರು ನಿಮಿಷ ಸಾವಿರಾರು ಜನರೆದುರು ಏನೂ ನುಡಿಸದೆ ನಿಲ್ಲುವುದನ್ನೂ ಅಭ್ಯಾಸ ಮಾಡಬೇಕು ಎಂದರೆ ಮಕ್ಕಳು ನಗುತ್ತಾರೆ. ಒಮ್ಮೆ ನಿಂತು ಬೆರಳು ತಣ್ಣಗಾದ ಮೇಲೆ ನಗುವುದಿಲ್ಲ.

ತಾಲೀಮಿನ ಐವತ್ತು ನಿಮಿಷ

ಎರಡನೆಯ ಕರೆ ತೀರ್ಮಾನವಾಗುವುದು ಕಚೇರಿಯಲ್ಲಿ ಎಂದು ಎಲ್ಲರೂ ತಿಳಿದಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ತಾಲೀಮಿನಲ್ಲೇ ಬಹುಪಾಲು ತೀರ್ಮಾನವಾಗಿರುತ್ತದೆ. ಸಾಮಾನ್ಯವಾಗಿ ಸೋಲೋ ವಾದಕರಿಗೆ ಆರ್ಕೆಸ್ಟ್ರಾದೊಂದಿಗೆ ಸಿಗುವುದು ಒಂದು ಅಥವಾ ಎರಡು ತಾಲೀಮು, ಪ್ರತಿಯೊಂದರಲ್ಲೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಆಮೇಲೆ ಕಚೇರಿಯ ದಿನ ಇಡೀ ಕೃತಿಯನ್ನು ಒಮ್ಮೆ ನುಡಿಸಿ ನೋಡುವುದು. ಅದಕ್ಕೂ ಮೊದಲು ಕಂಡಕ್ಟರ್ ಜೊತೆ ಪ್ರತ್ಯೇಕವಾಗಿ ಕೂತು ಮಾತನಾಡುವ ಅರ್ಧ ಗಂಟೆಯನ್ನು ಕೇಳಿ ಪಡೆಯಿರಿ. ಆ ಅರ್ಧ ಗಂಟೆಯಲ್ಲಿ ಇಡೀ ಕೃತಿಯನ್ನು ನುಡಿಸಿ ತೋರಿಸುವ ಅಗತ್ಯವಿಲ್ಲ; ಗತಿ ಬದಲಾಗುವ ಜಾಗಗಳು, ಕೆಡೆನ್ಸಾದಿಂದ ಹೊರಬರುವ ಜಾಗ, ನೀವು ಸಮಯ ತೆಗೆದುಕೊಳ್ಳುವ ಜಾಗ ಇಷ್ಟನ್ನು ಖಚಿತಪಡಿಸಿಕೊಂಡರೆ ಸಾಕು. ಬೀಥೋವನ್ ತನ್ನ ಪಿಟೀಲು ಕಾನ್ಚೆರ್ಟೊಗೆ ಕೆಡೆನ್ಸಾ ಬರೆದಿಡಲಿಲ್ಲವಾದ್ದರಿಂದ, ಹಿಂದಿನ ಪಿಟೀಲು ವಾದಕರಾದ ಯೋಆಖಿಮ್ ಬರೆದದ್ದೋ ಕ್ರೈಸ್ಲರ್ ಬರೆದದ್ದೋ ಬೇರೆಯದೋ ಎಂಬುದನ್ನು ಮೊದಲೇ ತಿಳಿಸಿ, ಅದರ ಕೊನೆಯ ಪುಟದ ಪ್ರತಿಯನ್ನು ಕಂಡಕ್ಟರ್ ಕೈಗೆ ಕೊಡಿ.

ನನ್ನ ವಿದ್ಯಾರ್ಥಿನಿಯೊಬ್ಬಳು ಹೊರದೇಶದ ಒಂದು ಯುವ ಆರ್ಕೆಸ್ಟ್ರಾ ಜೊತೆ ಎಲ್ಗರ್ ನುಡಿಸಲು ಹೋಗಿದ್ದಳು. ಅವಳು ಕಲಿತ ಮುದ್ರಣದಲ್ಲಿದ್ದ, ಜಾಗ ಹುಡುಕಲು ಹಾಕಿದ ತಾಲೀಮು ಗುರುತುಗಳೂ ಅವರ ಪ್ರತಿಗಳಲ್ಲಿದ್ದ ಗುರುತುಗಳೂ ತಾಳೆಯಾಗಲಿಲ್ಲ. ಅವಳು ಹೇಳಿದ ಜಾಗ ಅವರಿಗೆ ಸಿಗುತ್ತಿರಲಿಲ್ಲ, ಅವರು ಹೇಳಿದ ಜಾಗ ಅವಳಿಗೆ. ನಲವತ್ತು ನಿಮಿಷದ ತಾಲೀಮಿನಲ್ಲಿ ಹತ್ತು ನಿಮಿಷ ಹೀಗೆ ಕಳೆದು, ಕೊನೆಯ ಭಾಗದ ಅರ್ಧವನ್ನು ಅವರು ಒಟ್ಟಾಗಿ ಒಮ್ಮೆಯೂ ನುಡಿಸದೆ ವೇದಿಕೆ ಏರಬೇಕಾಯಿತು. ತಪ್ಪು ನನ್ನದೂ ಹೌದು, ನಾನು ಕೇಳಲಿಲ್ಲ. ಅಂದಿನಿಂದ ಆರ್ಕೆಸ್ಟ್ರಾದ ಗ್ರಂಥಾಲಯಕ್ಕೆ ಪತ್ರ ಬರೆದು, ಯಾವ ಮುದ್ರಣ ಬಳಸುತ್ತಾರೆಂದು ಕೇಳುವುದನ್ನು ಪಟ್ಟಿಯ ಮೊದಲ ಸಾಲಿಗೆ ಸೇರಿಸಿದ್ದೇನೆ.

ತಾಲೀಮಿನಲ್ಲಿ ಆರ್ಕೆಸ್ಟ್ರಾ ವಾದಕರನ್ನು ನೇರವಾಗಿ ತಿದ್ದಬೇಡಿ. ಹೇಳಬೇಕಾದದ್ದನ್ನು ಕಂಡಕ್ಟರ್ ಮೂಲಕ ಹೇಳಿ. ಹೊಗಳಿಕೆಗೆ ಈ ನಿಯಮವಿಲ್ಲ. ನಿಮ್ಮೊಂದಿಗೆ ಒಂದು ಸಾಲು ಹಂಚಿಕೊಂಡ ಓಬೋ ಅಥವಾ ಹಾರ್ನ್ ವಾದಕರಿಗೆ ವಿರಾಮದಲ್ಲಿ ಹೋಗಿ ಒಂದು ಮಾತು ಹೇಳಿದರೆ ಅವರು ಮರೆಯುವುದಿಲ್ಲ, ಮತ್ತು ಯಾರನ್ನು ಮತ್ತೆ ಕರೆಯಬೇಕೆಂದು ಆರ್ಕೆಸ್ಟ್ರಾದ ಆಡಳಿತದವರು ಅನೇಕ ಕಡೆ ವಾದಕರನ್ನೂ ಕೇಳುತ್ತಾರೆ. ಮೊದಲ ಸಾಲಿನಲ್ಲಿ ಕೂರುವ, ಪಿಟೀಲು ವಾದಕರ ಮುಖ್ಯಸ್ಥರಾದ ಕನ್ಸರ್ಟ್‌ಮಾಸ್ಟರ್ ಜೊತೆ ಸ್ನೇಹದಿಂದಿರಲು ಇನ್ನೊಂದು ಕಾರಣವೂ ಇದೆ. 1986ರಲ್ಲಿ ಅಮೆರಿಕದ ಟ್ಯಾಂಗಲ್‌ವುಡ್‌ನಲ್ಲಿ, ಬರ್ನ್‌ಸ್ಟೈನ್ ಅವರ ಕೃತಿಯನ್ನು ಅವರದೇ ನಿರ್ದೇಶನದಲ್ಲಿ ನುಡಿಸುತ್ತಿದ್ದ ಹದಿನಾಲ್ಕರ ಪಿಟೀಲು ವಾದಕಿ ಮಿದೋರಿಯ ಇ ತಂತಿ ಕಿತ್ತುಹೋಯಿತು. ಆಕೆ ತಿರುಗಿ ಕನ್ಸರ್ಟ್‌ಮಾಸ್ಟರ್ ಪಿಟೀಲನ್ನು ಇಸಿದುಕೊಂಡು ಮುಂದುವರಿಸಿದಳು. ಅದರ ತಂತಿಯೂ ಕಿತ್ತಿತು. ಪಕ್ಕದವರ ಪಿಟೀಲನ್ನು ತೆಗೆದುಕೊಂಡು ಕೃತಿಯನ್ನು ಮುಗಿಸಿದಳು. ಮೂರು ಪಿಟೀಲುಗಳ ಅಳತೆ, ತೂಕ, ತಂತಿಯ ಎತ್ತರ ಎಲ್ಲವೂ ಬೇರೆ. ನಿಮ್ಮದಲ್ಲದ ಪಿಟೀಲಿನಲ್ಲಿ ತಿಂಗಳಿಗೊಮ್ಮೆಯಾದರೂ ಇಡೀ ಕೃತಿಯನ್ನು ನುಡಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಸ್ಪರ್ಧೆ, ಏಜೆಂಟ್, ವಾದ್ಯ

ಸ್ಪರ್ಧೆಗಳ ವಿಷಯದಲ್ಲಿ ನಾನು ಸ್ವಲ್ಪ ಹಳಬ. ಹೆಲ್ಸಿಂಕಿಯ ಸಿಬೆಲಿಯಸ್, ಮಾಸ್ಕೋದ ಚೈಕೋವ್‌ಸ್ಕಿ, ಜಿನೋವಾದ ಪಗನೀನಿ ಸ್ಪರ್ಧೆಗಳಲ್ಲಿ ಬಹುಮಾನಕ್ಕಿಂತ ಕೊನೆಯ ಸುತ್ತು ತಲುಪಿ ನಿಜವಾದ ಆರ್ಕೆಸ್ಟ್ರಾ ಜೊತೆ ನುಡಿಸುವುದೇ ದೊಡ್ಡ ಲಾಭ ಎಂದು ನಂಬುತ್ತೇನೆ. ಬ್ರಸೆಲ್ಸ್‌ನ ಕ್ವೀನ್ ಎಲಿಸಬೆತ್ ಸ್ಪರ್ಧೆಯ ಅಂತಿಮ ಸುತ್ತಿಗೆ ಆಯ್ಕೆಯಾದ ಹನ್ನೆರಡು ಜನರನ್ನು ಸುಮಾರು ಒಂದು ವಾರ ವಾಟರ್ಲೂ ಊರಿನ ಮ್ಯೂಸಿಕ್ ಚಾಪೆಲ್‌ನಲ್ಲಿ ಹೊರಗಿನ ಸಂಪರ್ಕವಿಲ್ಲದೆ ಇರಿಸಿ, ಯಾರೂ ಹಿಂದೆ ಕೇಳದ ಹೊಸ ಕೃತಿಯೊಂದನ್ನು ಗುರುವಿನ ನೆರವಿಲ್ಲದೆ ಕಲಿಯಲು ಬಿಡುತ್ತಾರೆ. ಸ್ಪರ್ಧೆಗೆ ಹೋಗದಿದ್ದರೂ ಈ ಕಸರತ್ತನ್ನು ಮನೆಯಲ್ಲಿ ಮಾಡಿ ನೋಡಬಹುದು: ಧ್ವನಿಮುದ್ರಣ ಕೇಳದೆ, ಯಾರನ್ನೂ ಕೇಳದೆ, ಒಂದು ವಾರದಲ್ಲಿ ಒಂದು ಹೊಸ ಕೃತಿ. ಇಂಡಿಯಾನಪೊಲಿಸ್ ಸ್ಪರ್ಧೆ ಗೆದ್ದವರಿಗೆ ಇಟಲಿಯ ಹೆಸರಾಂತ ತಯಾರಕ ಸ್ಟ್ರಾಡಿವರಿ 1683ರಲ್ಲಿ ಮಾಡಿದ ಪಿಟೀಲೊಂದನ್ನು ನಾಲ್ಕು ವರ್ಷ ನುಡಿಸಲು ಕೊಡುತ್ತಾರೆ. ನಾಲ್ಕು ವರ್ಷದ ನಂತರ ಹಿಂದಿರುಗಿಸಬೇಕು ಎಂಬುದನ್ನು ಮರೆಯಬಾರದು. ಎರವಲು ವಾದ್ಯದ ಧ್ವನಿಗೆ ಕಿವಿ ಒಗ್ಗಿದ ಮೇಲೆ ಸ್ವಂತದ್ದು ಮಂಕಾಗಿ ಕೇಳಿಸುತ್ತದೆ. ಸೆಲ್ಲೋ ವಾದಕರಿಗಂತೂ ವಿಮಾನದಲ್ಲಿ ವಾದ್ಯಕ್ಕೇ ಒಂದು ಟಿಕೆಟ್ ಕೊಳ್ಳುವ ಖರ್ಚು ಬೇರೆ. ಟ್ಯಾಕ್ಸಿ ಇಳಿಯುವಾಗ ತಿರುಗಿ ನೋಡುವ ಅಭ್ಯಾಸವೂ ಇರಲಿ. 1999ರಲ್ಲಿ ಹೆಸರಾಂತ ಸೆಲ್ಲೋ ವಾದಕ ಯೋ-ಯೋ ಮಾ ಅವರಂಥವರೇ 1733ರ ತಮ್ಮ ಸೆಲ್ಲೋವನ್ನು ನ್ಯೂಯಾರ್ಕಿನ ಟ್ಯಾಕ್ಸಿಯ ಡಿಕ್ಕಿಯಲ್ಲಿ ಮರೆತು, ಅದೇ ದಿನ ಮರಳಿ ಪಡೆದರು.

ಕಚೇರಿಗಳನ್ನು ಗೊತ್ತುಮಾಡಿಕೊಡುವ ಏಜೆಂಟ್ ಹುಡುಕಿಕೊಂಡು ಹೋಗಲು ಅವಸರ ಬೇಡ. ಏಜೆಂಟ್ ತಮ್ಮ ಪಾಲನ್ನು ಸಂಭಾವನೆಯಲ್ಲಿ ಮುರಿದುಕೊಳ್ಳುತ್ತಾರೆ. ಪ್ರಯಾಣ, ವಸತಿ ಯಾರ ಖರ್ಚು ಎಂಬುದನ್ನು ಒಪ್ಪಂದದಲ್ಲಿ ಓದದೆ ಸಹಿ ಹಾಕಿದರೆ ನುಡಿಸಿಯೂ ಕೈಯಿಂದ ಕೊಟ್ಟು ಬರಬೇಕಾದೀತು. ಹೊಸಬರ ಪರವಾಗಿ ನಿಜವಾಗಿ ಮಾತನಾಡುವವರು ಕಂಡಕ್ಟರುಗಳು. 1844ರಲ್ಲಿ ಹನ್ನೆರಡರ ಯೋಆಖಿಮ್ ಲಂಡನ್ನಿನಲ್ಲಿ ಬೀಥೋವನ್ ನುಡಿಸಿದಾಗ ಆರ್ಕೆಸ್ಟ್ರಾ ನಡೆಸಿದವನು ಮೆಂಡೆಲ್ಸನ್. 1977ರಲ್ಲಿ ಹದಿಮೂರರ ಪಿಟೀಲು ವಾದಕಿ ಆನ್-ಸೋಫಿ ಮುಟರ್ ಅವರನ್ನು ಸಾಲ್ಜ್‌ಬರ್ಗ್ ವೇದಿಕೆಗೆ ತಂದವರು ಕಂಡಕ್ಟರ್ ಕಾರಾಯಾನ್. ನಿಮ್ಮೊಂದಿಗೆ ಕಾಲೇಜಿನಲ್ಲಿ ಕಂಡಕ್ಟಿಂಗ್ ಓದುತ್ತಿರುವವರ ಪರೀಕ್ಷಾ ಕಚೇರಿಗಳಲ್ಲಿ ಪುಕ್ಕಟೆಯಾಗಿ ನುಡಿಸಲು ಹಿಂಜರಿಯಬೇಡಿ. ಹತ್ತು ವರ್ಷದ ನಂತರ ಆರ್ಕೆಸ್ಟ್ರಾಗಳು ಅವರ ಕೈಯಲ್ಲಿರುತ್ತವೆ.

ದೇಹದ ವಿಷಯದಲ್ಲಿ ಒಂದೇ ಮಾತು. ನೋವನ್ನು ಮುಚ್ಚಿಟ್ಟು ನುಡಿಸುವುದು ಶೌರ್ಯವಲ್ಲ. ಭುಜ ಅಥವಾ ಮಣಿಕಟ್ಟು ಎರಡು ವಾರ ನೋಯುತ್ತಿದ್ದರೆ ವೈದ್ಯರ ಬಳಿ ಹೋಗಿ, ಆ ತಿಂಗಳ ಕಚೇರಿಯನ್ನು ಬಿಟ್ಟುಕೊಡಿ.

ಕಚೇರಿಯ ರಾತ್ರಿ

ಕಾನ್ಚೆರ್ಟೊ ಮುಗಿದು ಚಪ್ಪಾಳೆ ನಿಲ್ಲದಿದ್ದರೆ ಇನ್ನೊಂದು ಚಿಕ್ಕ ಕೃತಿ ನುಡಿಸುವ ಪದ್ಧತಿ ಇದೆ. ಹೆಚ್ಚಿನವರು ಬಾಖ್‌ನ ಒಂಟಿ ವಾದ್ಯದ ರಚನೆಗಳಿಂದ ಒಂದನ್ನು ಆರಿಸಿಕೊಳ್ಳುತ್ತಾರೆ. ಅದು ನಾಲ್ಕು ನಿಮಿಷ ಮೀರದಿರಲಿ. ಹಿಂದೆ ಕುಳಿತಿರುವ ವಾದಕರ ದುಡಿಮೆಯ ಅವಧಿ ಗಡಿಯಾರಕ್ಕೆ ಕಟ್ಟಿದ್ದು, ನಿಮ್ಮ ಉತ್ಸಾಹಕ್ಕೆ ಅವರು ಬಸ್ಸು ತಪ್ಪಿಸಿಕೊಳ್ಳಬಾರದು. ವಿರಾಮದಲ್ಲಿ ಅಥವಾ ಕಚೇರಿಯ ನಂತರ ಪೋಷಕರನ್ನು, ದಾನಿಗಳನ್ನು ಭೇಟಿಯಾಗಲು ಕರೆದರೆ ದಣಿವಿನ ನೆಪ ಹೇಳದೆ ಹೋಗಿ. ಟಿಕೆಟ್ ಹಣದಿಂದಲೇ ಬದುಕುವ ಆರ್ಕೆಸ್ಟ್ರಾಗಳು ವಿರಳ. ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ಕೂಡ ಒಂದು ಕಾಲದಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದ ಬೆನ್ನಿಗೆ ಹಣ ಕೊಟ್ಟು ನಿಂತಿದ್ದವರು.

ವಸತಿಗೆ ಹಿಂದಿರುಗಿದ ಮೇಲೆ, ಮಲಗುವ ಮುನ್ನ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಆ ಸಭಾಂಗಣದಲ್ಲಿ ಯಾವ ಜಾಗದಲ್ಲಿ ನಿಂತಾಗ ಧ್ವನಿ ಹಿಂಬದಿಯ ಸಾಲುಗಳಿಗೆ ತಲುಪಿತು, ಶ್ರುತಿ ಹೊಂದಿಸುವ ಎ ಸ್ವರ 440 ಹರ್ಟ್ಜ್ ಇತ್ತೋ 442 ಇತ್ತೋ, ಕಂಡಕ್ಟರ್ ಎಲ್ಲಿ ಕಾದರು, ಎಲ್ಲಿ ಮುಂದೆ ಹೋದರು, ಕನ್ಸರ್ಟ್‌ಮಾಸ್ಟರ್ ಮತ್ತು ಗ್ರಂಥಾಲಯದವರ ಹೆಸರೇನು, ಚಪ್ಪಾಳೆಯ ನಂತರ ಹೆಚ್ಚುವರಿಯಾಗಿ ಯಾವ ಕೃತಿ ನುಡಿಸಿದಿರಿ. ಮೂರು ವರ್ಷದ ನಂತರ ಅದೇ ಊರಿನಿಂದ ಕರೆ ಬಂದಾಗ, ಅಲ್ಲಿಯ ಜನರನ್ನು ಹೆಸರು ಹಿಡಿದು ಮಾತನಾಡಿಸಲು, ಮತ್ತು ಅದೇ ಬಾಖ್ ತುಣುಕನ್ನು ಮತ್ತೊಮ್ಮೆ ನುಡಿಸದಿರಲು, ಆ ಪುಟ ಬೇಕಾಗುತ್ತದೆ.