ಧಾರ್ಮಿಕ ಕಟ್ಟುಪಾಡಿಗೆ ಒಗ್ಗದ ಕಾರಣಕ್ಕೆ ಕೆಲಸದಲ್ಲಿ ತಾರತಮ್ಯವೇ? ದೂರು ಗಟ್ಟಿಯಾಗಿ ನಿಲ್ಲುವಂತೆ ಮಾಡುವುದು ಹೇಗೆ

ಬೇರೆ ಧರ್ಮದವರ ಮೇಲಿನ ತಾರತಮ್ಯ ಬೇಗ ಕಣ್ಣಿಗೆ ಬೀಳುತ್ತದೆ. ಅದೇ ಸಮುದಾಯದಲ್ಲಿ ಹುಟ್ಟಿಯೂ ಪ್ರಾರ್ಥನೆಗೆ ನಿಲ್ಲದವರು, ಗುರುತಿನ ಉಡುಪು ತೊಡದವರು, ಹೊರಗಿನವರನ್ನು ಮದುವೆಯಾದವರು, ದೇವರನ್ನೇ ನಂಬದವರು ಅನುಭವಿಸುವುದು ಮಾತ್ರ ‘ನಮ್ಮನಮ್ಮೊಳಗಿನ ವಿಷಯ’ ಎಂದು ಮುಚ್ಚಿಹೋಗುತ್ತದೆ. ಹಾಗಾಗಬೇಕಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1958ರ 111ನೇ ಒಪ್ಪಂದ ಉದ್ಯೋಗದಲ್ಲಿ ಧರ್ಮಾಧಾರಿತ ಭೇದವನ್ನು ತಾರತಮ್ಯವೆಂದೇ ಹೇಳುತ್ತದೆ. ಯಾವ ಧರ್ಮವನ್ನೂ ಪಾಲಿಸದಿರುವ ಹಕ್ಕಿಗೂ ರಕ್ಷಣೆಯುಂಟು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1993ರಲ್ಲಿ ಸ್ಪಷ್ಟಪಡಿಸಿದೆ.

ತೊಡಕಿರುವುದು ಸಾಕ್ಷ್ಯದಲ್ಲಿ. ನಿಜವಾದ ಕಾರಣವನ್ನು ಯಾರೂ ಬರೆದುಕೊಡುವುದಿಲ್ಲ. ‘ಟೀಮಿನೊಂದಿಗೆ ಬೆರೆಯುವುದಿಲ್ಲ’ ಎಂದು ಬರೆಯುತ್ತಾರೆ. ಆಡಿದ ಮಾತಿಗೂ ಆಮೇಲೆ ಬಂದ ನಿರ್ಧಾರಕ್ಕೂ ಇರುವ ಕೊಂಡಿಯನ್ನು ನೀವೇ ತೋರಿಸಬೇಕು.

ಮೊದಲು ದಿನಚರಿ. ‘ಮ್ಯಾನೇಜರ್ ಮತ್ತೆ ಅವಮಾನ ಮಾಡಿದರು’ ಎಂದು ಬರೆದರೆ ಉಪಯೋಗವಿಲ್ಲ. ಹೀಗೆ ಬರೆಯಿರಿ: ‘ಮಾರ್ಚ್ 4, ಬೆಳಗ್ಗೆ 10.20, ಮೀಟಿಂಗ್ ರೂಮು. “ಪ್ರಾರ್ಥನೆಗೇ ನಿಲ್ಲದವರ ಕೈಗೆ ಟೀಮ್ ಕೊಡೋದು ಹೇಗೆ?” ಎಂದರು. ಅಲ್ಲಿದ್ದವರು ಇಬ್ಬರು (ಹೆಸರು). ಮಾರ್ಚ್ 11: ಟೀಮ್ ಲೀಡ್ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದಾರೆ.’ ಆಡಿದ ಮಾತನ್ನು ಆಡಿದಂತೆಯೇ, ಅದೇ ದಿನ ಬರೆದಿಡಿ. ತಿಂಗಳಾದ ಮೇಲೆ ಒಟ್ಟಿಗೆ ಕೂತು ಬರೆದ ದಿನಚರಿ ವಿಚಾರಣೆಯಲ್ಲಿ ಮೊದಲ ಪ್ರಶ್ನೆಗೇ ಅಲುಗಾಡುತ್ತದೆ.

ಎರಡನೆಯದು ಹೋಲಿಕೆ, ಹೆಚ್ಚಿನ ದೂರುಗಳು ಸೋಲುವುದು ಇಲ್ಲೇ. ಅದೇ ಹುದ್ದೆ, ಅದೇ ಮೇಲಧಿಕಾರಿ, ಅದೇ ಅವಧಿ, ಆದರೆ ಕಟ್ಟುಪಾಡು ಪಾಲಿಸುವ ಸಹೋದ್ಯೋಗಿಯನ್ನು ಆರಿಸಿಕೊಳ್ಳಿ. ಸೇವಾವಧಿ, ರೇಟಿಂಗ್, ರಜೆ, ಸಿಕ್ಕ ಫಲ ಇವನ್ನು ಅಕ್ಕಪಕ್ಕ ಬರೆಯಿರಿ. ಅವರ ಸೇವೆ ನಿಮಗಿಂತ ಮೂರು ವರ್ಷ ಹೆಚ್ಚಿದ್ದರೆ ಸಂಸ್ಥೆ ಅದನ್ನೇ ಹಿಡಿದುಕೊಳ್ಳುತ್ತದೆ, ಬೇರೊಬ್ಬರನ್ನು ಹುಡುಕಿ. ಇದಕ್ಕಾಗಿ ಇತರರ ಗೋಪ್ಯ ಕಡತಗಳನ್ನು ಸ್ವಂತ ಇಮೇಲಿಗೆ ಕಳಿಸಿಕೊಳ್ಳಬೇಡಿ. ಆ ಒಂದು ಕಾರಣಕ್ಕೇ ನಿಮ್ಮನ್ನು ವಜಾ ಮಾಡಬಹುದು. ಗುಟ್ಟಾಗಿ ಧ್ವನಿಮುದ್ರಿಸುವುದು ಕೆಲವೆಡೆ ಅಪರಾಧ, ಮೊದಲೇ ವಿಚಾರಿಸಿಕೊಳ್ಳಿ.

ಬಾಯಿಮಾತಿನಲ್ಲಿ ಏನಾದರೂ ಹೇಳಿದರೆ ಅಂದೇ ಎರಡು ಸಾಲಿನ ಇಮೇಲ್ ಹಾಕಿ: ‘ಇಂದು ನೀವು ಹೇಳಿದ್ದು ಹೀಗೆ ಎಂದು ಅರ್ಥಮಾಡಿಕೊಂಡಿದ್ದೇನೆ, ತಪ್ಪಿದ್ದರೆ ತಿಳಿಸಿ.’ ಉತ್ತರ ಬಾರದಿದ್ದರೂ ಆ ಇಮೇಲ್ ದಾಖಲೆಯೇ.

ದೂರು ಒಂದು ಪುಟ ಮೀರದಿರಲಿ: ಘಟನೆಗಳು ತಾರೀಖಿನ ಕ್ರಮದಲ್ಲಿ, ಮೀರಿದ ನಿಯಮ, ನಿಮಗಾದ ನಷ್ಟ, ನೀವು ಕೇಳುವ ಪರಿಹಾರ. ಪರಿಹಾರ ಖಚಿತವಾಗಿರಲಿ, ಉದಾಹರಣೆಗೆ ಬಡ್ತಿಯ ಮರುಪರಿಶೀಲನೆ ಬೇರೆ ಅಧಿಕಾರಿಯಿಂದ. ಧರ್ಮಗ್ರಂಥ ಏನನ್ನುತ್ತದೆ ಎಂಬ ವಾದಕ್ಕೆ ಇಳಿಯಬೇಡಿ. ಇಳಿದರೆ ವಿಚಾರಣೆ ನಡೆಯುವುದು ನಿಮ್ಮ ನಂಬಿಕೆಯ ಮೇಲೆ, ಅವರ ನಡತೆಯ ಮೇಲಲ್ಲ.

ಗಡುವು ಬಹಳ ಚಿಕ್ಕದು. ಅಮೆರಿಕದಲ್ಲಿ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ಸಾಮಾನ್ಯವಾಗಿ 180 ದಿನ, ಹಲವು ರಾಜ್ಯಗಳಲ್ಲಿ 300 ದಿನದೊಳಗೆ ದೂರು ತಲುಪಬೇಕು. ಕಂಪನಿಯೊಳಗಿನ ವಿಚಾರಣೆ ನಡೆಯುತ್ತಿದೆ ಎಂದು ಆ ದಿನಗಳು ನಿಲ್ಲುವುದಿಲ್ಲ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ನಂಬಿಕೆ ಇಲ್ಲದಿರುವುದನ್ನೂ ಹೆಸರಿಸಿ ರಕ್ಷಿಸುತ್ತದೆ. ಧರ್ಮದ ಆಧಾರದ ತಾರತಮ್ಯವನ್ನು ತಡೆಯುವ ಭಾರತದ ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಗೆ ಅನ್ವಯಿಸುತ್ತದೆ. ಖಾಸಗಿ ವಲಯಕ್ಕೆ ಅಂಥ ಸಮಗ್ರ ಕಾಯ್ದೆ ಇಲ್ಲದ್ದರಿಂದ ಕಂಪನಿಯ ನೀತಿ ಸಂಹಿತೆ, ನೇಮಕಾತಿ ಪತ್ರದ ಷರತ್ತುಗಳನ್ನೇ ಆಧಾರವಾಗಿ ಹಿಡಿಯಬೇಕು. ಧಾರ್ಮಿಕ ಸಂಸ್ಥೆಗಳಿಗೆ ಹಲವು ದೇಶಗಳಲ್ಲಿ ವಿನಾಯಿತಿಯಿದೆ. ಆದರೆ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2018ರಲ್ಲಿ ಅದಕ್ಕೊಂದು ಮಿತಿ ಹಾಕಿತು: ಸಂಸ್ಥೆ ಹಾಕುವ ಧಾರ್ಮಿಕ ಷರತ್ತು ಆ ಕೆಲಸಕ್ಕೆ ನಿಜಕ್ಕೂ ಅಗತ್ಯವೇ ಎಂಬುದನ್ನು ಆಯಾ ದೇಶದ ನ್ಯಾಯಾಲಯ ಪರಿಶೀಲಿಸಬಹುದು. ಧರ್ಮಬೋಧಕನಿಗೆ ಹಾಕುವ ಷರತ್ತನ್ನು ಲೆಕ್ಕಿಗನಿಗೆ ಹಾಕುವುದು ಅಷ್ಟು ಸುಲಭವಲ್ಲ.

ದೂರು ಕೊಟ್ಟ ಮೇಲೆ ಶಿಫ್ಟ್ ಬದಲಾದರೆ, ರೇಟಿಂಗ್ ಕುಸಿದರೆ ಅದನ್ನು ಬೇರೆ ಪುಟದಲ್ಲಿ ದಾಖಲಿಸಿ. ಮೂಲ ದೂರು ಸಾಬೀತಾಗದಿದ್ದರೂ ಸೇಡಿನ ಕ್ರಮ ಹಲವೆಡೆ ಪ್ರತ್ಯೇಕ ಪ್ರಕರಣವಾಗಿ ನಿಲ್ಲುತ್ತದೆ. ಬೇಸತ್ತು ರಾಜೀನಾಮೆ ಕೊಡುವ ಮುನ್ನ ವಕೀಲರನ್ನೋ ಕಾರ್ಮಿಕ ಸಂಘವನ್ನೋ ಕಾಣಿ. ‘ಸ್ವಂತ ಕಾರಣದಿಂದ’ ಎಂದು ಬರೆದುಕೊಟ್ಟ ಪತ್ರವನ್ನು ಮುಂದೆ ನಿಮ್ಮ ವಿರುದ್ಧವೇ ಓದುತ್ತಾರೆ.