ಹಳೆಯ ಪರ್ಷಿಯನ್ ರತ್ನಗಂಬಳಿ: ನೀರು ಸೋಕಿಸುವ ಮೊದಲು

ಟೆಹರಾನ್ ಪಕ್ಕದ ರೇ ಪಟ್ಟಣದಲ್ಲಿರುವ ಚಶ್ಮೆ ಅಲಿ ಬುಗ್ಗೆಯಲ್ಲಿ ಜನ ರತ್ನಗಂಬಳಿಗಳನ್ನು ತೊಳೆದು ಬಂಡೆಗಳ ಮೇಲೆ ಒಣಹಾಕುತ್ತಿದ್ದರು. ಗಟ್ಟಿಮುಟ್ಟಾದ ಬಳಕೆಯ ಗಂಬಳಿ ಅದನ್ನು ತಾಳಿಕೊಳ್ಳುತ್ತದೆ. ನೂರು ವರ್ಷ ದಾಟಿದ ಗಂಬಳಿಯ ಬಗ್ಗೆ ಅಂಥ ಭರವಸೆ ಇಟ್ಟುಕೊಳ್ಳುವಂತಿಲ್ಲ. ಅದರ ಶುಚಿಯ ಬಹುಪಾಲು ಕೆಲಸ ಒಣಗಿದ ಸ್ಥಿತಿಯಲ್ಲೇ ಮುಗಿಯಬೇಕು.

ಮೊದಲು ಗಂಬಳಿಯನ್ನು ಮಗುಚಿ ಬೆನ್ನನ್ನು ನೋಡಿ. ಮುಖದ ಉಣ್ಣೆಯನ್ನು ಹಿಡಿದಿಟ್ಟಿರುವುದು ಹಾಸು ಮತ್ತು ಹೊಕ್ಕಿನ ನೂಲು. ಅದು ಹೆಚ್ಚಾಗಿ ಹತ್ತಿಯದು. ಒಂದು ಮೂಲೆಯನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಬಾಗಿಸಿದಾಗ ಚರಚರ ಸದ್ದು ಬಂದರೆ ಹತ್ತಿ ಪೆಡಸಾಗಿದೆ ಎಂದೇ ತಿಳಿಯಬೇಕು. ಅಂಥದ್ದನ್ನು ಮನೆಯಲ್ಲಿ ತೊಳೆಯದೆ ಜವಳಿ ಸಂರಕ್ಷಕರಿಗೆ ಒಪ್ಪಿಸಿ. ಮಂಚ, ಸೋಫಾಗಳ ಅಡಿಯಲ್ಲಿದ್ದ ಭಾಗದಲ್ಲಿ ಅಕ್ಕಿಕಾಳಿನಂಥ ಬಿಳಿ ಗೂಡುಗಳೂ ಬೋಳಾದ ಜಾಗಗಳೂ ಕಂಡರೆ ಅದು ನುಸಿಯ ಕೆಲಸ. ಗಂಬಳಿ ಚಿಕ್ಕದಾದರೆ ಪಾಲಿಥಿನ್‌ನಲ್ಲಿ ಬಿಗಿಯಾಗಿ ಸುತ್ತಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 2 ವಾರ ಇಡಬಹುದು. ಹೊರತೆಗೆದ ತಕ್ಷಣ ಬಿಚ್ಚಿದರೆ ಉಣ್ಣೆಯ ಮೇಲೆ ತೇವ ಕಟ್ಟುತ್ತದೆ, ಆದ್ದರಿಂದ ತಂಪು ಇಳಿಯುವ ತನಕ ಕಾಯಬೇಕು.

ನಂತರ ಧೂಳು. ಗಂಟುಗಳ ಬುಡದಲ್ಲಿ ಕೂತ ಮರಳು ಪ್ರತಿ ಹೆಜ್ಜೆಗೂ ಉಣ್ಣೆಯನ್ನು ಒಳಗಿನಿಂದ ಕತ್ತರಿಸುತ್ತಿರುತ್ತದೆ. ಕೋಲಿನಿಂದ ಬಡಿಯಬೇಡಿ, ಗಂಬಳಿಯನ್ನು ಬೋರಲು ಹಾಕಿ, ವ್ಯಾಕ್ಯೂಮ್ ಕ್ಲೀನರ್‌ನ ಬಾಯಿಗೆ ತೆಳುವಾದ ಬಲೆ ಕಟ್ಟಿ, ಕಡಿಮೆ ಎಳೆತದಲ್ಲಿ ಬೆನ್ನಿನಿಂದ ಎಳೆಯಿರಿ. ತುದಿಯಲ್ಲಿ ಇಳಿಬಿದ್ದ ನೂಲಿನ ಜೂಲುಗಳ ಹತ್ತಿರ ಯಂತ್ರ ಒಯ್ಯಬಾರದು.

ಅತ್ಯಂತ ತಾಳ್ಮೆ ಬೇಡುವುದು ಬಣ್ಣದ ಪರೀಕ್ಷೆ. ಮಂಜಿಷ್ಠೆ ಜಾತಿಯ ಬೇರಿನಿಂದ ತೆಗೆದ ಕೆಂಪು ಮತ್ತು ನೀಲಿಗಿಡದ ನೀಲಿ ಸಾಮಾನ್ಯವಾಗಿ ನೀರಿಗೆ ಜಗ್ಗುವುದಿಲ್ಲ. ಆದರೆ 19ನೇ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನಿಂದ ಬಂದ ಅನಿಲಿನ್ ಎಂಬ ಕೃತಕ ಬಣ್ಣಗಳು, ಇರಾನಿನ ಕಜಾರ್ ಆಡಳಿತ ನಿಷೇಧ ಹೇರಿದರೂ ನಿಲ್ಲದೆ, ಅನೇಕ ಗಂಬಳಿಗಳಲ್ಲಿ ಸೇರಿಕೊಂಡವು, ಮತ್ತು ಅವುಗಳ ಕೆಂಪು ಪಕ್ಕದ ಬಿಳಿಯನ್ನು ಗುಲಾಬಿ ಮಾಡಿಬಿಡಬಲ್ಲದು. ಪ್ರತಿಯೊಂದು ಬಣ್ಣದ ಮೇಲೂ ಒಂದು ಹನಿ ಭಟ್ಟಿ ಇಳಿಸಿದ ನೀರು ಬಿಟ್ಟು, ಬಿಳಿ ಹತ್ತಿಬಟ್ಟೆಯನ್ನು ಕೆಲವು ನಿಮಿಷ ಒತ್ತಿ ಹಿಡಿಯಿರಿ. ಬಳಿಕ ಮಾರ್ಜಕ ಬೆರೆಸಿದ ನೀರಿನಿಂದಲೂ ಹಾಗೆಯೇ ನೋಡಿ. ಒಂದೇ ಒಂದು ಬಣ್ಣ ಅಂಟಿದರೂ ತೊಳೆಯುವ ವಿಚಾರ ಬಿಡಿ.

ಯಾವ ಬಣ್ಣವೂ ಬಿಡದಿದ್ದರೆ, ಇಳಿಜಾರಿನ ಶುಚಿಯಾದ ನೆಲದ ಮೇಲೆ ತಣ್ಣೀರು ಮತ್ತು ಉಣ್ಣೆಗೆಂದೇ ಮಾಡಿದ, ಕ್ಷಾರವಿಲ್ಲದ ಮಾರ್ಜಕ ಬಳಸಿ, ಉಣ್ಣೆ ಮಲಗುವ ದಿಕ್ಕಿನಲ್ಲಿ ಮೆದು ಬ್ರಶ್ ಆಡಿಸಿ. ಸೋಡಾ, ಬ್ಲೀಚು, ಬಟ್ಟೆ ಒಗೆಯುವ ಪುಡಿ ಯಾವುದೂ ಬೇಡ. ಜಾಲಿಸಿದ ನೀರು ತಿಳಿಯಾದ ಮೇಲೆ ಟವೆಲ್‌ನಿಂದ ಒತ್ತಿ, ನೆರಳಿನಲ್ಲಿ ಮಟ್ಟಸವಾಗಿ ಹರಡಿ ಫ್ಯಾನ್ ಹಾಕಿ. ಹಗ್ಗಕ್ಕೆ ಹಾಕಿದರೆ ನೆನೆದ ಉಣ್ಣೆಯ ಭಾರಕ್ಕೆ ಹಾಸುನೂಲು ಹರಿಯುತ್ತದೆ. ನಿಧಾನವಾಗಿ ಒಣಗಿದರೆ ಹತ್ತಿಯ ಜೂಲು ಕಂದುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಇಳಿಯದಿರುವುದೇ ಲೇಸು.

ದುರಸ್ತಿಯಲ್ಲಿ ಮೊದಲ ಆದ್ಯತೆ ಅಂಚಿಗೆ. ಬಿಚ್ಚಿಕೊಳ್ಳುತ್ತಿರುವ ತುದಿಯನ್ನು ಹತ್ತಿ ದಾರದಿಂದ ಹೊಲಿದು ನಿಲ್ಲಿಸಿದರೆ ಗಂಟುಗಳು ಕಳಚುವುದು ನಿಲ್ಲುತ್ತದೆ, ಮತ್ತು ಈ ಹೊಲಿಗೆಯನ್ನು ಮುಂದೆ ಬೇಕೆಂದರೆ ಬಿಚ್ಚಲೂಬಹುದು. ತೂತು ತುಂಬುವುದು ನುರಿತವರ ಕೆಲಸ. ಅಲ್ಲೂ ಅತಿಯಾಸೆ ಒಳ್ಳೆಯದಲ್ಲ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ 1893ರಲ್ಲಿ ಕೊಂಡ, ಇರಾನಿನ ಹೆಸರಾಂತ ಅರ್ದಬಿಲ್ ಗಂಬಳಿಯನ್ನು ಪೂರ್ಣಗೊಳಿಸಲು ಅದರ ಜೋಡಿ ಗಂಬಳಿಯಿಂದ ತುಂಡುಗಳನ್ನು ಕತ್ತರಿಸಲಾಗಿತ್ತು. ಈಗ ಲಾಸ್ ಏಂಜಲೀಸ್‌ನಲ್ಲಿರುವ ಆ ಜೋಡಿಗೆ ಅಂಚುಪಟ್ಟಿಯೇ ಇಲ್ಲ.

ಒಂದೇ ಬಣ್ಣದಲ್ಲಿ ಕಾಣುವ ಅಡ್ಡ ಛಾಯೆಗಳನ್ನು, ಅಂದರೆ ನೇಕಾರರು ‘ಅಬ್ರಶ್’ ಎನ್ನುವುದನ್ನು, ಕಲೆಯೆಂದು ತಿಕ್ಕಬೇಡಿ. ಬೇರೆ ಬೇರೆ ಸರದಿಯಲ್ಲಿ ಬಣ್ಣ ಕಟ್ಟಿದ ನೂಲಿನಿಂದ ಬಂದದ್ದು ಅದು. ಗಾಢ ಕಂದು, ಕಪ್ಪು ಭಾಗಗಳಲ್ಲಿ ಮಾತ್ರ ಉಣ್ಣೆ ಸವೆದು ಉಳಿದ ವಿನ್ಯಾಸ ಉಬ್ಬಿದಂತೆ ಕಂಡರೆ, ಬಣ್ಣ ಕಟ್ಟಲು ಬಳಸಿದ ಕಬ್ಬಿಣದ ಲವಣವೇ ಎಳೆಯನ್ನು ತಿಂದಿದೆ. ಕೆಳಗಿನ ಹಾಸು ಗಟ್ಟಿಯಾಗಿದ್ದರೆ ಅಲ್ಲಿ ಹೊಸ ಗಂಟು ಹಾಕಿಸುವ ಅಗತ್ಯವಿಲ್ಲ.